ನಿಂತರೆ ಆರುವ ದೀಪ

ಹೋದ ತಿಂಗಳು ನನ್ನ ತಮ್ಮನ ಮಗಳು ಸೌಮ್ಯ ನನ್ನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಕರೆದುಕೊಂಡು ಬರುವಾಗ, ದಾರಿಯಲ್ಲಿ ಒಂದು ಸೈಕಲ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು. "ಅತ್ತೆ, ಹತ್ತೇ ನಿಮಿಷ. ಒಂದು ಲೈಟ್ ತಗೋಬೇಕು" ಅಂದಳು. ಅವಳಿಗೆ ದೊಡ್ಡಬಳ್ಳಾಪುರದ ಬ್ಯಾಂಕೊಂದರಲ್ಲಿ ಕೆಲಸ. ಶನಿವಾರ ಸಂಜೆಯಾದರೆ ನಾಲ್ಕಾರು ಗೆಳತಿಯರನ್ನು ಸೇರಿಸಿಕೊಂಡು, ದಪ್ಪ ಟೈರಿನ ಸೈಕಲ್ಲು ಹತ್ತಿ, ಘಾಟಿ ದೇವಸ್ಥಾನದ ಆಚೀಚಿನ ಗುಡ್ಡಗಳ ಕಾಲುದಾರಿಯಲ್ಲಿ ಕತ್ತಲಲ್ಲಿ ಸುತ್ತಿ ಬರುವುದು ಅವಳ ಹುಚ್ಚು.

ಅಂಗಡಿಯ ಹುಡುಗ ಹೆಬ್ಬೆರಳಿನಷ್ಟು ದೊಡ್ಡ ದೀಪಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ಹ್ಯಾಂಡಲ್ಲಿಗೆ ಒಂದು, ತಲೆಯ ಮೇಲಿನ ಟೋಪಿಗೆ ಒಂದು ಇರಬೇಕಂತೆ. ಹ್ಯಾಂಡಲ್ಲಿನದು ಅಗಲಕ್ಕೆ ಬೆಳಕು ಚೆಲ್ಲಬೇಕು, ಟೋಪಿಯದು ದೂರಕ್ಕೆ ಚುಚ್ಚಬೇಕು. ಸೌಮ್ಯ ಕೇಳಿದ್ದೇ ಕೇಳಿದ್ದು. ಪೂರ್ತಿ ಉರಿಸಿದರೆ ಎಷ್ಟು ಹೊತ್ತು, ಮಂದ ಮಾಡಿದರೆ ಎಷ್ಟು ಹೊತ್ತು, ಮಳೆಗೆ ತಡೆಯುತ್ತಾ, ಕಲ್ಲಿನ ಮೇಲೆ ಕುಲುಕಿದರೆ ಕಳಚಿಕೊಳ್ಳುತ್ತಾ. ನಾನು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದೆ. ಅಂಗಡಿಯ ತುಂಬ ಹೊಸ ರಬ್ಬರಿನ ವಾಸನೆ. ಆ ವಾಸನೆಗೋ ಏನೋ, ನನಗೆ ಗೊತ್ತಿಲ್ಲದೇ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು.

"ನಿಂತ್ರೂ ಉರಿಯುತ್ತೇನಪ್ಪಾ ಇದು?"

ಹುಡುಗನಿಗೆ ಅರ್ಥವಾಗಲಿಲ್ಲ. ಸೌಮ್ಯ ನಕ್ಕು, "ನಮ್ಮತ್ತೆ ಕಾಲದಲ್ಲಿ ಡೈನಮೋ ಕಣಪ್ಪಾ, ಚಕ್ರ ನಿಂತ್ರೆ ಲೈಟೂ ಹೋಗ್ತಿತ್ತು" ಎಂದು ಬಿಡಿಸಿ ಹೇಳಿದಳು. ಅವನೂ ನಕ್ಕ. ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷದ ಹಿಂದಿನ ಒಂದು ಮಳೆಗಾಲ ಬಂದು ಹಾಸಿಗೆಯ ಪಕ್ಕದಲ್ಲಿ ಕೂತುಕೊಂಡಿತು.

ಆಗ ನನಗೆ ಇಪ್ಪತ್ನಾಲ್ಕು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೆರಿಗೆ ಮಾಡಿಸುವ, ಮಕ್ಕಳಿಗೆ ಚುಚ್ಚುಮದ್ದು ಹಾಕುವ ನರ್ಸಾಗಿ ನನ್ನ ಮೊದಲ ನೇಮಕಾತಿ ಘಾಟಿಯಿಂದ ಒಳಗೆ ಎರಡು ಮೈಲಿ ದೂರದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕಾಯಿತು. ಒಂದು ಕೋಣೆ, ಹಿಂದೆ ಅಡುಗೆಗೆ ಮೂಲೆ, ಮುಂದೆ ಹೊಂಗೆ ಮರ. ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವವರು. ಹುಟ್ಟಿದಂದಿನಿಂದ ಪವರ್‌ಲೂಮಿನ ಸದ್ದಿನಲ್ಲೇ ಮಲಗಿ ಎದ್ದವಳಿಗೆ ಅಲ್ಲಿನ ರಾತ್ರಿಯ ಮೌನ ಕಿವಿಗೆ ಹತ್ತಿ ತುರುಕಿದ ಹಾಗಿತ್ತು.

ನನ್ನ ಪಾಲಿನ ಐದು ಊರುಗಳಲ್ಲಿ ನಾಲ್ಕು ರಸ್ತೆಯ ಬದಿಯಲ್ಲಿದ್ದವು. ಐದನೆಯದು ಜಾಲಿಪಾಳ್ಯ, ಗುಡ್ಡದ ಆಚೆ. ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ದಿನ ಹಿಡಿಯುತ್ತಿತ್ತು. ಗುಡ್ಡ ಹತ್ತಿ ಇಳಿದರೆ ಒಂದು ಗಂಟೆಯೂ ಬೇಡ. ಈ ಕಡೆಯಿಂದ ಕಡಿದಾದ ಏರು, ಸೈಕಲ್ಲು ತಳ್ಳಿಕೊಂಡೇ ಹೋಗಬೇಕು. ನೆತ್ತಿಯಲ್ಲಿ ಅಗಲವಾದ ಹಾಸುಬಂಡೆ, ಅದರ ಮೇಲೆ ಮಳೆನೀರು ಕನ್ನಡಿಯ ಹಾಗೆ ನಿಂತಿರುತ್ತಿತ್ತು. ಅಲ್ಲಿಂದ ಆಚೆಗೆ ಉದ್ದನೆಯ ಇಳಿಜಾರು. ಎರಡೂ ಕಡೆ ಲಂಟಾನದ ಪೊದೆ, ಎಡಕ್ಕೆ ಮಳೆನೀರು ಕೊರೆದ ಕೊರಕಲು, ದಾರಿಯ ತುಂಬ ಮುಷ್ಟಿಗಾತ್ರದ ಕಲ್ಲು. ಹಗಲಲ್ಲಿ ಆ ಇಳಿಜಾರಿನಲ್ಲಿ ಬ್ರೇಕು ಸಡಿಲ ಬಿಟ್ಟು ಇಳಿಯುವುದೆಂದರೆ ನನಗೆ ಖುಷಿ. ಹೆಣ್ಣುಮಕ್ಕಳು ಸೈಕಲ್ಲು ತುಳಿಯುವುದನ್ನೇ ಬಾಯಿಬಿಟ್ಟು ನೋಡುವ ಕಾಲ ಅದು. ದನ ಮೇಯಿಸುವವರು ಬಂಡೆಯ ಮೇಲೆ ನಿಂತು "ನರ್ಸಮ್ಮ ಹಾರ್‌ಕೊಂಡು ಬತ್ತಾವ್ಳೆ" ಎಂದು ಕೂಗುತ್ತಿದ್ದರು.

ಹೆರಿಗೆ ನೋವು ಮಾತ್ರ ಹಗಲು ನೋಡಿ ಬರುವುದಿಲ್ಲ. ಹೋದ ಮೊದಲ ತಿಂಗಳಲ್ಲೇ ಎರಡು ಸಲ ಕತ್ತಲಲ್ಲಿ ಆ ಗುಡ್ಡ ದಾಟಬೇಕಾಯಿತು. ಮೊದಲ ಸಲ ಲಾಟೀನನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡೆ. ಇಳಿಜಾರಿನ ಮೂರನೆಯ ಕಲ್ಲಿಗೇ ಗಾಜು ಒಡೆಯಿತು, ಸೀಮೆಎಣ್ಣೆ ಸೀರೆಗೆ ಚೆಲ್ಲಿತು. ಎರಡನೆಯ ಸಲ ಮೂರು ಸೆಲ್ಲಿನ ಬ್ಯಾಟರಿಯನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿದೆ. ಅದೇನೋ ಚೆನ್ನಾಗಿಯೇ ಇತ್ತು. ಆದರೆ ಸೈಕಲ್ಲು ಕುಲುಕಿದಾಗಲೆಲ್ಲ ಒಳಗೆ ಸೆಲ್ಲು ಕದಲಿ ಬೆಳಕು ಆರುವುದು, ಅಂಗೈಯಲ್ಲಿ ಒಂದು ಏಟು ಕೊಟ್ಟರೆ ಮತ್ತೆ ಹತ್ತುವುದು. ಅಲ್ಲದೆ ಮಳೆಗಾಲದ ತೇವಕ್ಕೆ ಸೆಲ್ಲುಗಳು ಉಬ್ಬಿ ರಸ ಬಿಡುತ್ತಿದ್ದವು. ಅವನ್ನು ಉಪಕೇಂದ್ರದ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸಿ, ಇನ್ನೊಂದು ರಾತ್ರಿಗಾಗುವಷ್ಟು ಜೀವ ತುಂಬಿಕೊಳ್ಳಲಿ ಎಂದು ಕಾಯುತ್ತಿದ್ದೆ. ಮೋಡ ಕವಿದ ದಿನ ಅದೂ ಇಲ್ಲ.

ಕೊನೆಗೆ ಒಂದು ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋದಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅಮೀರಣ್ಣನ ಅಂಗಡಿಗೆ ಒಯ್ದೆ. ಅಮೀರಣ್ಣ ನಮ್ಮಪ್ಪನ ಸ್ನೇಹಿತರು. ಸೈಕಲ್ ರಿಪೇರಿ, ಮಗ್ಗದ ಮೋಟಾರಿಗೆ ತಂತಿ ಸುತ್ತುವುದು, ರೇಡಿಯೋ ಬಿಚ್ಚುವುದು, ಎಲ್ಲವೂ ಆ ಒಂದೇ ಮಳಿಗೆಯಲ್ಲಿ. ನನಗೆ ಸೈಕಲ್ಲು ಹೊಡೆಯುವುದನ್ನು ಕಲಿಸಿದವರೂ ಅವರೇ. ನಾನು ಎಲ್ಲ ಹೇಳಿದ ಮೇಲೆ ಅವರು ಒಂದು ಡೈನಮೋ ತೆಗೆದು ಅಂಗೈಯಲ್ಲಿ ತೂಗುತ್ತ ಕೂತರು.

"ಇದು ಹಾಕ್ತೀನಿ ನೋಡಮ್ಮ. ಸೆಲ್ಲಿನ ಕಾಟ ಇಲ್ಲ, ಸೀಮೆಎಣ್ಣೆ ಕಾಟ ಇಲ್ಲ. ಚಕ್ರಕ್ಕೆ ಒರಗಿಸಿದ್ರೆ ಸಾಕು, ಎಷ್ಟು ಜೋರಾಗಿ ಹೋಗ್ತೀಯೋ ಅಷ್ಟು ಬೆಳಕು. ಆದ್ರೆ ಒಂದು ಮಾತು. ನಿಂತ್ರೆ ಕತ್ಲು."

"ನಿಂತ್ರೂ ಉರಿಯೋದು ಯಾವುದೂ ಇಲ್ವಾ ಅಮೀರಣ್ಣ?"

"ಇದೆ. ಮೋಪೆಡ್ಡಿನ ಬ್ಯಾಟ್ರಿ ಒಂದು ಕ್ಯಾರಿಯರಿಗೆ ಕಟ್ಬಹುದು. ಆದ್ರೆ ಅದು ಭಾರ, ವಾರಕ್ಕೊಂದ್ಸಲ ಚಾರ್ಜ್ ಮಾಡಿಸ್ಬೇಕು, ಆ್ಯಸಿಡ್ಡು ಚೆಲ್ಲಿದ್ರೆ ಸೀರೆ ಸುಟ್ಟೋಗ್ತದೆ. ನಿಂಗ್ಯಾಕಮ್ಮ ಆ ರಗಳೆ? ನೀನು ಗುಡ್ಡದಲ್ಲಿ ಯಾಕೆ ನಿಲ್ತೀಯಾ? ಹೋಗ್ತಾನೇ ಇರ್ತೀಯಲ್ಲ."

ನನಗೂ ಸರಿಯೆನ್ನಿಸಿತು. ಡೈನಮೋ ಹಾಕಿಸಿಕೊಂಡೆ.

ಅದರ ಗುಣ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಏರಿನಲ್ಲಿ ತಳ್ಳಿಕೊಂಡು ಹೋಗುವಾಗ ಬಲ್ಬಿನಲ್ಲಿ ಬೀಡಿಯ ಕೆಂಡದಷ್ಟು ಬೆಳಕು. ನೆತ್ತಿಯಲ್ಲಿ ಹತ್ತಿ ಕೂತು ತುಳಿದರೆ ಹಳದಿ. ಇಳಿಜಾರಿನಲ್ಲಿ ವೇಗ ಬಂದಂತೆ ಬೆಳ್ಳಗಾಗಿ, ಮುಂದಿನ ಹತ್ತು ಮಾರು ದಾರಿ ಹಗಲಿನ ಹಾಗೆ ಕಾಣುತ್ತಿತ್ತು. ಟೈರಿಗೆ ಉಜ್ಜುವ ಗುಂಯ್ ಎಂಬ ಸದ್ದು ಬೆಳಕಿನ ಜೊತೆಗೇ ಏರುವುದು. ಬ್ರೇಕು ಹಿಡಿದರೆ ಸದ್ದೂ ಇಳಿದು ಬೆಳಕೂ ಕುಗ್ಗಿ, ಚಕ್ರ ನಿಂತ ಕ್ಷಣ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದ ಹಾಗೆ. ಬೆಳಕಿಗೆ ಒಗ್ಗಿದ ಕಣ್ಣಿಗೆ ಆ ಕತ್ತಲು ಇಮ್ಮಡಿ.

ಶ್ರಾವಣದ ಕೊನೆಯಲ್ಲಿ ಒಂದು ರಾತ್ರಿ ಹೀಗೆ ಇಳಿಯುವಾಗ ದಾರಿಯ ನಡುವೆ ಒಬ್ಬ ಗಂಡಸು ಕೈ ಅಡ್ಡ ಹಿಡಿದು ನಿಂತಿದ್ದ. ಯಾರಿಗೋ ಹುಷಾರಿಲ್ಲವೇನೋ ಎಂದು ನಿಲ್ಲಿಸಿದೆ. ಬೆಳಕು ಆರಿತು. ಅವನು ಏನೂ ಹೇಳಲಿಲ್ಲ. ಹೆಂಡದ ವಾಸನೆ, ಅವನ ಉಸಿರಿನ ಸದ್ದು, ಹ್ಯಾಂಡಲ್ಲಿನ ಮೇಲೆ ನನ್ನ ಕೈಯ ಪಕ್ಕದಲ್ಲಿ ಇನ್ನೊಂದು ಕೈ, ಇಷ್ಟೇ. ನಾನು ಸೈಕಲ್ಲನ್ನು ಅವನ ಮೇಲೆಯೇ ನೂಕಿ, ಹತ್ತಿ, ಬೆಳಕು ಮತ್ತೆ ಗಟ್ಟಿಯಾಗುವ ತನಕ ದಾರಿ ಕಾಣದೆ ಕಾಲಿನ ಅಂದಾಜಿನಲ್ಲಿ ತುಳಿದು ಬಿದ್ದು ಎದ್ದು ಜಾಲಿಪಾಳ್ಯ ಸೇರಿದೆ. ಮೊಣಕಾಲಿನ ಗಾಯ ವಾರದಲ್ಲಿ ಮಾಯಿತು. ಅವನು ಯಾರೆಂದು ಗೊತ್ತಾಗಲಿಲ್ಲ. ಈ ಸಂಗತಿಯನ್ನು ನಾನು ಅಮೀರಣ್ಣನಿಗೆ ಮಾತ್ರ ಹೇಳಿದೆ. ಮನೆಯಲ್ಲಿ ಹೇಳಿದ್ದರೆ ಕೆಲಸ ಬಿಡಿಸುತ್ತಿದ್ದರು. ಅಮೀರಣ್ಣ, "ಇನ್ಮೇಲೆ ಯಾರು ಕೂಗಿದ್ರೂ ನಿಲ್ಲಿಸ್ಬೇಡ. ಹೋಗ್ತಾ ಇದ್ದಷ್ಟು ಹೊತ್ತು ನಿನ್ನ ಕೈಲಿ ಬೆಳಕಿರ್ತದೆ" ಅಂದರು.

ನಾನು ಆ ಮಾತನ್ನು ಹಿಡಿದುಕೊಂಡೆ.

ಜಾಲಿಪಾಳ್ಯದ ಲಕ್ಷ್ಮಿಗೆ ಚೊಚ್ಚಲ ಬಸುರು. ಅವಳ ಗಂಡ ಮುನಿರಾಜು ದೊಡ್ಡಬಳ್ಳಾಪುರದಲ್ಲಿ ಮಗ್ಗದ ರಾತ್ರಿ ಪಾಳಿ ಮಾಡುತ್ತಿದ್ದ, ಬೆಳಗ್ಗೆ ಬಂದು ಮಲಗುತ್ತಿದ್ದ. ಮನೆಯಲ್ಲಿ ಅವನ ತಾಯಿ ಮುನಿಯಮ್ಮಜ್ಜಿ. ಲಕ್ಷ್ಮಿಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನವೆಲ್ಲ ಅಜ್ಜಿಯದೇ. ನಾನು ಪರೀಕ್ಷೆಗೆ ಹೋದಾಗಲೆಲ್ಲ ಅಜ್ಜಿ ಹುರಿದ ಅವರೆಕಾಳೋ ಕಡ್ಲೆಕಾಯೋ ನನ್ನ ಸೆರಗಿಗೆ ಸುರಿದು, "ನೀನು ಬತ್ತೀಯಲ್ಲ ನರ್ಸವ್ವ, ಎಷ್ಟೊತ್ತಾದ್ರೂ ಬತ್ತೀಯಲ್ಲ?" ಎಂದು ಕೇಳುತ್ತಿದ್ದರು. ಹಿಂದೆ ಅವರ ಮಗಳೊಬ್ಬಳು ಹೆರಿಗೆಯಲ್ಲೇ ಹೋಗಿದ್ದಳು. ಬರ್ತೀನಿ ಅಜ್ಜಿ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ಕಾರ್ತಿಕ ಇನ್ನೂ ಶುರುವಾಗಿರಲಿಲ್ಲ. ರಾಗಿ ತೆನೆ ಹೊರಟಿದ್ದ ದಿನಗಳು. ಮೂರು ದಿನದಿಂದ ಜಡಿಮಳೆ ಹಿಡಿದಿತ್ತು. ಅಂದು ಸಂಜೆ ಡೈರಿಗೆ ಹಾಲು ಹಾಕಲು ಬಂದ ಜಾಲಿಪಾಳ್ಯದ ಒಬ್ಬರು ಉಪಕೇಂದ್ರದ ಬಾಗಿಲಿಗೆ ಬಂದು ಕೂಗಿ ಹೇಳಿದರು. "ಮುನಿಯಮ್ಮನ ಸೊಸೆಗೆ ನೋವು ಬಂದೈತಂತೆ ಸಿಸ್ಟರ್. ಬೇಗ ಬರಬೇಕಂತೆ." ಅವರಿಗೆ ಘಾಟಿಯಲ್ಲಿ ಏನೋ ಕೆಲಸವಿತ್ತು, ನನ್ನ ಜೊತೆ ಬರುವಂತಿರಲಿಲ್ಲ. ನನ್ನ ಕೋಣೆಯಲ್ಲಿ ಆಗ ಜ್ವರದ ಮಗುವೊಂದಿತ್ತು. ಅದರ ತಾಯಿಗೆ ಔಷಧಿ ಕೊಟ್ಟು ಕಳಿಸುವ ಹೊತ್ತಿಗೆ ಕತ್ತಲಾಗಿತ್ತು.

ಹೆರಿಗೆಯ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿ ಹೊರಟೆ. ಮಳೆ ನಿಂತಿತ್ತು, ಗಾಳಿ ಇತ್ತು. ಒದ್ದೆ ಟೈರಿನ ಮೇಲೆ ಡೈನಮೋ ಜಾರುತ್ತ ಬೆಳಕು ಮಿಟುಕುತ್ತಿತ್ತು. ಏರು ಹತ್ತಿ ಹಾಸುಬಂಡೆ ದಾಟಿ, ಸೈಕಲ್ಲಿನ ಮೇಲೆ ಕೂತೆ. ಟೈರು ಸ್ವಲ್ಪ ಒಣಗಿತೋ ಏನೋ, ಇಳಿಜಾರಿನಲ್ಲಿ ಬೆಳಕು ಗಟ್ಟಿಯಾಯಿತು. ಅರ್ಧ ಇಳಿದಿರಬೇಕು. ಎಡಗಡೆಯಿಂದ, ಕೊರಕಲಿನ ಒಳಗಿಂದ, ಒಂದು ದನಿ ಬಂತು.

"ಯವ್ವಾ... ಯಾರವ್ವಾ... ನಿಲ್ಲಿಸ್ರವ್ವಾ..."

ಆ ದನಿ ಗಂಡಸಿನದೋ ಹೆಂಗಸಿನದೋ ಗೊತ್ತಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಾಗಿತ್ತು. ಹೆಂಗಸಿನ ದನಿ, ವಯಸ್ಸಾದ ದನಿ. ನನ್ನ ಬೆರಳುಗಳು ಬ್ರೇಕಿನ ಮೇಲೆ ಹೋದವು. ಗುಂಯ್ ಸದ್ದು ಒಂದಿಷ್ಟು ಇಳಿಯಿತು, ಬೆಳಕು ಹಳದಿಯಾಯಿತು. ದಾರಿಯ ಅಂಚು ಕಾಣದಾಯಿತು. ಆ ಹಳದಿಯಲ್ಲಿ ನನಗೆ ಕಂಡದ್ದು ಹ್ಯಾಂಡಲ್ಲಿನ ಮೇಲಿನ ಆ ಇನ್ನೊಂದು ಕೈ. ನಾನು ಬೆರಳು ಬಿಟ್ಟೆ. ಸೈಕಲ್ಲು ಮತ್ತೆ ವೇಗ ಹಿಡಿಯಿತು, ಬೆಳಕು ಬೆಳ್ಳಗಾಯಿತು. ಹಿಂದಿನಿಂದ ಆ ದನಿ ಇನ್ನೊಂದು ಸಲ ಬಂತು, ಆಮೇಲೆ ಗಾಳಿಯ ಸದ್ದು ಮಾತ್ರ. ಹೆರಿಗೆ ಮುಗಿಸಿ ವಾಪಸ್ ಬರುವಾಗ ಯಾರನ್ನಾದರೂ ಜೊತೆಗೆ ಕರೆತಂದು ನೋಡೋಣ, ಈಗ ಅಲ್ಲೊಂದು ಜೀವ ಕಾಯುತ್ತಿದೆ ಎಂದುಕೊಂಡೆ. ಅದು ನಿಜವೂ ಆಗಿತ್ತು.

ಮುನಿಯಮ್ಮಜ್ಜಿಯ ಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಗೌರಮ್ಮ ದೀಪ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ನನ್ನ ಹಿಂದಿನ ಕತ್ತಲನ್ನು ನೋಡಿದಳು.

"ಅಜ್ಜಿ ಎಲ್ಲಿ ಸಿಸ್ಟರ್?"

"ಯಾವ ಅಜ್ಜಿ?"

"ಮುನಿಯಮ್ಮಜ್ಜಿ. ನೀವು ಒಬ್ರೇ ಬತ್ತೀರಾ ಅಂತ ಲಾಟೀನು ಹಿಡ್ಕೊಂಡು ನಿಮ್ಮ ಎದುರಿಗೆ ಹೋದ್ರಲ್ಲ. ದಾರೀಲಿ ಸಿಗಲಿಲ್ವಾ?"

ಒಳಗಿನಿಂದ ಲಕ್ಷ್ಮಿ ಕಿರುಚಿದಳು. ನಾನು ಕ್ಯಾರಿಯರಿನಿಂದ ಚೀಲ ಬಿಚ್ಚಿದೆ. "ಇಲ್ಲ, ನಾನು ನೋಡ್ಲಿಲ್ಲ" ಅಂದೆ.

ಸುಳ್ಳೇನೂ ಅಲ್ಲ. ನಾನು ನೋಡಿರಲಿಲ್ಲ, ಕೇಳಿದ್ದೆ ಅಷ್ಟೇ. ಗೌರಮ್ಮ, "ಮೇಲಿನ ತೋಟದ ದಾರೀಲಿ ಹೋಗಿರ್ಬೇಕು, ದಾರಿ ತಪ್ಪಿ ವಾಪಸ್ ಬತ್ತಾರೆ ಬಿಡಿ" ಎಂದು ತಾನೇ ಸಮಾಧಾನ ಮಾಡಿಕೊಂಡು ನೀರು ಕಾಯಿಸಲು ಹೋದಳು.

ಲಕ್ಷ್ಮಿಯ ಹೆರಿಗೆ ಸುಲಭದ್ದಾಗಿರಲಿಲ್ಲ. ನೋವು ಬಂದು ಬಂದು ಸುಸ್ತಾಗಿದ್ದಳು. ನಡುವೆ ನೋವು ಬಿಟ್ಟಾಗಲೆಲ್ಲ "ಅತ್ತೆ ಬಂದ್ರಾ?" ಎಂದು ಕೇಳುತ್ತಿದ್ದಳು. ಆಗೆಲ್ಲ ನಾನು ಹೇಳಬಹುದಿತ್ತು. ಗೌರಮ್ಮನ ಗಂಡ ಪಕ್ಕದ ಮನೆಯ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು, ಊರಲ್ಲಿ ಇನ್ನೂ ಹತ್ತು ಗಂಡಸರಿದ್ದರು. ಇಳಿಜಾರಿನ ಅರ್ಧದಲ್ಲಿ, ಎಡಕ್ಕೆ, ಕೊರಕಲಿನಲ್ಲಿ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಒಂದು ಸಲ ಇಲ್ಲ ಅಂದಿದ್ದೆ. ಈಗ ಹೇಳಿದರೆ, ಕೇಳಿಸಿಯೂ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಶ್ರಾವಣದ ಆ ರಾತ್ರಿಯಿಂದ ಶುರು ಮಾಡಬೇಕು. ಒಂದೊಂದು ನೋವಿಗೂ, ಈ ನೋವು ಕಳೆಯಲಿ ಹೇಳುತ್ತೇನೆ, ಇದು ಕಳೆಯಲಿ ಹೇಳುತ್ತೇನೆ ಎಂದುಕೊಂಡೆ. ಮಗುವಿನ ತಲೆ ಕಂಡಾಗ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಆಮೇಲೆ ನನಗೆ ಬೇರೇನೂ ನೆನಪಿಲ್ಲ. ಬಳ್ಳಿಯನ್ನು ಬೆರಳಿನಿಂದ ತಲೆಯ ಮೇಲಿಂದ ಜಾರಿಸಿದ್ದು, ಮಗು ನೀಲಿಯಾಗಿ ಹೊರಬಂದದ್ದು, ಬಾಯಿಯ ಲೋಳೆ ತೆಗೆದು ಬೆನ್ನು ಉಜ್ಜಿ ಉಜ್ಜಿ ನನ್ನ ಕೈ ಸೋತದ್ದು, ಕೊನೆಗೂ ಅದು ಕುರಿಮರಿಯ ಹಾಗೆ ಒಂದು ಸದ್ದು ಮಾಡಿದ್ದು. ಗಂಡು ಮಗು. ಗೌರಮ್ಮ ಅಳುತ್ತ ನಗುತ್ತ, "ಅಜ್ಜಿ ಇಲ್ದಂಗಾಯ್ತಲ್ಲ ಈ ಹೊತ್ನಲ್ಲಿ" ಅಂದಳು.

ಆಗ ಹೇಳಿದೆ. ಲಕ್ಷ್ಮಿಗೆ ಇಂಜೆಕ್ಷನ್ ಕೊಟ್ಟು, ಸಿರಿಂಜು ಬಟ್ಟಲಿಗೆ ಹಾಕುತ್ತ, ಗೌರಮ್ಮನ ಮುಖ ನೋಡದೆ ಹೇಳಿದೆ. "ಇಳಿಜಾರಲ್ಲಿ ಬರ್ತಾ ಯಾರೋ ಕೂಗಿದ ಹಾಗಾಯ್ತು. ಗಾಳಿ ಅಂದ್ಕೊಂಡೆ. ಒಂದ್ಸಲ ಯಾರಾದ್ರೂ ಹೋಗಿ ನೋಡಿದ್ರೆ ಒಳ್ಳೇದು."

ನಾನು ಆ ದನಿ ಕೇಳಿ ಮೂರು ಗಂಟೆಗೂ ಹೆಚ್ಚಾಗಿತ್ತು. ಅಷ್ಟರಲ್ಲಿ ಮತ್ತೊಂದು ಮಳೆಯೂ ಬಂದು ಹೋಗಿತ್ತು.

ನಾಲ್ಕು ಗಂಡಸರು ಬ್ಯಾಟರಿ ಹಿಡಿದು ಹೋದರು. ಕಂಬಳಿಯಲ್ಲಿ ಹೊತ್ತು ತಂದರು. ಲಾಟೀನು ಗಾಳಿಗೆ ಆರಿ, ಕಾಲು ಜಾರಿ ಅಜ್ಜಿ ಕೊರಕಲಿಗೆ ಬಿದ್ದಿದ್ದರು. ತೊಡೆಯ ಸಂದಿನ ಮೂಳೆ ಮುರಿದಿತ್ತು. ಮೈಯೆಲ್ಲ ಮಂಜುಗಡ್ಡೆ. ತುಟಿ ಅಲ್ಲಾಡುತ್ತಿತ್ತು. ಒಬ್ಬರು ಬಗ್ಗಿ ಕೇಳಿ ಎದ್ದು ನಿಂತು ಹೇಳಿದರು. "ಬೆಳಕು ಬಂತು, ನಿಲ್ಲಲಿಲ್ಲ, ಹೊಂಟೋಯ್ತು ಅಂತಾವ್ರೆ." ಇನ್ನೊಬ್ಬರು ಕೂಡಲೇ ಅಂದರು. "ಕೊಳ್ಳಿ ದೆವ್ವ ಕಣ್ರಲಾ. ಅದೇ ಅಜ್ಜೀನ ದಾರಿ ತಪ್ಸಿ ಕೆಡವೈತೆ."

ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಅಜ್ಜಿಯ ಒದ್ದೆ ಸೀರೆ ಬಿಡಿಸಿ, ಬಿಸಿ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟೆ. ಬೆಳಗ್ಗೆ ಮುನಿರಾಜು ಬಂದ. ಒಂದೇ ಹೊತ್ತಿಗೆ ಮಗನನ್ನೂ ತಾಯಿಯನ್ನೂ ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಹೊಸ್ತಿಲಲ್ಲಿ ಕೂತುಬಿಟ್ಟ. ಎದ್ದವನು ಮೊದಲು ಮಾಡಿದ್ದು ನನಗೆ ಕೈಮುಗಿದದ್ದು.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟು ಹಾಕಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿ ಎಂದರು. ಅಜ್ಜಿ ಒಪ್ಪಲಿಲ್ಲ. ಮೊಮ್ಮಗುವಿನ ಹತ್ತಿರ ಇರುತ್ತೇನೆ ಎಂದು ಹಟ ಹಿಡಿದು ಊರಿಗೆ ಬಂದರು. ಮಲಗಿದಲ್ಲೇ ಬೆನ್ನು ಹುಣ್ಣಾಗತೊಡಗಿತು. ದಿನ ಬಿಟ್ಟು ದಿನ ನಾನೇ ಹೋಗಿ ತೊಳೆದು ಮುಲಾಮು ಹಚ್ಚಿ ಬರುತ್ತಿದ್ದೆ. ಹಗಲಲ್ಲಿ ಮಾತ್ರ ಹೋಗುತ್ತಿದ್ದೆ, ಆ ಕೊರಕಲಿನ ಬಳಿ ಬಂದಾಗ ಬಲಗಡೆ ನೋಡುತ್ತ ಇಳಿಯುತ್ತಿದ್ದೆ. ಜಗುಲಿಯಲ್ಲಿ ಜನ ಕೊಳ್ಳಿ ದೆವ್ವದ ಮಾತಾಡುತ್ತಿದ್ದರು. ಒಬ್ಬರು ಅದಕ್ಕೆ ಬಾಯಲ್ಲಿ ಬೆಂಕಿ ಇತ್ತು ಎಂದರೆ, ಇನ್ನೊಬ್ಬರು ಜೇನುಹುಳದ ಹಾಗೆ ಸದ್ದು ಮಾಡುತ್ತದೆ, ಹಿಂದೊಂದು ರಾತ್ರಿ ದೂರದಿಂದ ತಾನೂ ಕೇಳಿದ್ದೆ ಎಂದರು. ಅಜ್ಜಿ ಒಳಗೆ ಮಲಗಿ ಅದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು.

ಒಂದು ಮಧ್ಯಾಹ್ನ ಲಕ್ಷ್ಮಿ ಮಗುವಿಗೆ ನೀರು ಹಾಕಲು ಹಿತ್ತಲಿಗೆ ಹೋಗಿದ್ದಳು. ಮನೆಯಲ್ಲಿ ನಾನೂ ಅಜ್ಜಿಯೂ ಇಬ್ಬರೇ. ಅಜ್ಜಿಯನ್ನು ಮಗ್ಗುಲಿಗೆ ತಿರುಗಿಸಿ ಬೆನ್ನು ಒರೆಸುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಅವರು ಕೇಳಿದರು.

"ನರ್ಸವ್ವ, ನಿನ್ ಸೈಕಲ್ಲು ಓಡೋವಾಗ ಗುಂಯ್ ಅಂತದಲ್ವಾ?"

ನನ್ನ ಕೈ ನಿಂತಿತು. "ಹೂಂ ಅಜ್ಜಿ. ಡೈನಮೋ ಅದು."

"ದೆವ್ವಕ್ಕೆ ಸದ್ದಿರಾಕಿಲ್ಲ ಕಣವ್ವ."

ಹಿತ್ತಲಲ್ಲಿ ಮಗು ಅಳುತ್ತಿತ್ತು. ನಾನು ಹತ್ತಿಯನ್ನು ನೀರಿಗೆ ಅದ್ದಿದೆ, ಹಿಂಡಿದೆ, ಮತ್ತೆ ಅದ್ದಿದೆ.

"ಯಾಕವ್ವ ನಿಲ್ಲಿಸ್ಲಿಲ್ಲ?"

ಬೈಗುಳ ಇರಲಿಲ್ಲ ಆ ದನಿಯಲ್ಲಿ. ನಿಜವಾಗಿ ತಿಳಿದುಕೊಳ್ಳಬೇಕು ಎಂಬ ಹಾಗೆ ಕೇಳಿದರು. ನನಗೆ ಕುಡುಕನ ಕಥೆ ಹೇಳಲಾಗಲಿಲ್ಲ. "ನಿಲ್ಲಿಸಿದ್ರೆ ಲೈಟು ಹೋಗ್ತದೆ ಅಜ್ಜಿ. ಕತ್ತಲಾಗಿಬಿಡ್ತದೆ. ಭಯ ಆಯ್ತು" ಅಂದೆ.

ಅವರು ಕೈಚಾಚಿ ಕಂಬಳಿಯ ಅಂಚು ಎಳೆದುಕೊಂಡರು.

"ಕತ್ಲಾದ್ರೆ ಆಗ್ಲಿ ಕಣವ್ವ. ಇಬ್ರು ಇರ್ತಿದ್ವಲ್ಲ."

ಅಷ್ಟೇ ಹೇಳಿದರು. ಆಮೇಲೆ ಬೆನ್ನು ಉರಿಯುತ್ತಿದೆ, ಬೇಗ ಮುಗಿಸು ಅಂದರು. ಈ ಮಾತನ್ನು ಅವರು ಮಗನಿಗಾಗಲಿ ಸೊಸೆಗಾಗಲಿ ಹೇಳಲಿಲ್ಲವೆಂದು ನನಗೆ ಗೊತ್ತು. ಯಾಕೆ ಹೇಳಲಿಲ್ಲ ಎಂಬುದು ಗೊತ್ತಿಲ್ಲ. ಮುಂದಿನ ಹೆರಿಗೆಗಳಿಗೆ ಊರಿಗೆ ನಾನು ಬೇಕಾಗಿತ್ತು ಎಂದೋ, ಹೇಳಿ ಏನು ಬಂತು ಎಂದೋ. ಕೇಳುವ ಧೈರ್ಯ ನನಗೆ ಬರುವ ಮೊದಲೇ, ರಾಗಿ ಕುಯ್ಲು ಮುಗಿಯುವ ಹೊತ್ತಿಗೆ, ಅಜ್ಜಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮೂರನೆಯ ದಿನ ಹೋದರು.

ಮಣ್ಣು ಮಾಡಿದ ಮಾರನೆಯ ದಿನವೇ ನಾನು ಅಮೀರಣ್ಣನ ಅಂಗಡಿಗೆ ಹೋಗಿ ಡೈನಮೋ ಬಿಚ್ಚಿಸಿದೆ. ಕಾರಣ ಹೇಳಲಿಲ್ಲ. "ನಿಂತ್ರೂ ಉರಿಯೋದು ಬೇಕು" ಅಂದೆ. ಅವರು ಮೋಪೆಡ್ಡಿನ ಬ್ಯಾಟರಿಯೊಂದನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ ಕ್ಯಾರಿಯರಿಗೆ ಬಿಗಿದು, ಮುಂದೆ ಮೋಪೆಡ್ಡಿನದೇ ಹೆಡ್‌ಲೈಟು ಹಾಕಿಕೊಟ್ಟರು. ಅವರು ಹೇಳಿದ್ದೆಲ್ಲ ನಿಜವಾಯಿತು. ಏರಿನಲ್ಲಿ ಅದನ್ನು ತಳ್ಳುವುದೆಂದರೆ ಕಲ್ಲು ಹೊತ್ತ ಹಾಗೆ. ವಾರಕ್ಕೊಮ್ಮೆ ಚಾರ್ಜಿಗೆ ಬಸ್ಸಿನಲ್ಲಿ ಕಳಿಸಬೇಕು. ಆ್ಯಸಿಡ್ಡಿಗೆ ನನ್ನ ಎರಡು ಸೀರೆಯಲ್ಲಿ ತೂತು ಬಿದ್ದವು. ಆದರೆ ನಿಂತರೂ ಉರಿಯುತ್ತಿತ್ತು.

ಮುಂದಿನ ಎರಡು ವರ್ಷ ನಾನು ಆ ದಾರಿಯಲ್ಲಿ ನಿಂತದ್ದಕ್ಕೆ ಲೆಕ್ಕವಿಲ್ಲ. ಪೊದೆ ಅಲ್ಲಾಡಿದರೆ ನಿಂತೆ. ಮೋಟುಮರ ಮನುಷ್ಯನ ಹಾಗೆ ಕಂಡರೆ ನಿಂತೆ. ಕೊರಕಲಿನ ಹತ್ತಿರ ಪ್ರತಿ ಸಲವೂ ನಿಂತು, ಹ್ಯಾಂಡಲ್ಲು ತಿರುಗಿಸಿ ಬೆಳಕನ್ನು ಒಳಗೆ ಬಿಟ್ಟು, "ಯಾರಾದ್ರೂ ಇದ್ದೀರಾ?" ಎಂದು ಕೂಗಿದೆ. ಯಾರೂ ಇರಲಿಲ್ಲ. ದೀಪದ ಸುತ್ತ ಮಳೆಹುಳು ಮುತ್ತಿಕೊಳ್ಳುತ್ತಿದ್ದವು. ಒಂದೆರಡು ಸಲ ದನ ಹುಡುಕುವವರು ಸಿಕ್ಕಿದರು. ಅವರ ಜೊತೆ ನಿಂತು ದನ ಹುಡುಕಿದೆ. ನರ್ಸಮ್ಮ ಗುಡ್ಡದಲ್ಲಿ ಕಲ್ಲು ಕಂಡರೂ ನಿಂತು ಮಾತಾಡಿಸುತ್ತಾಳೆ ಎಂದು ಜಾಲಿಪಾಳ್ಯದಲ್ಲಿ ತಮಾಷೆಯ ಮಾತಾಯಿತು. ನಿಜವೇ. ಗುಂಯ್ ಎಂಬ ಸದ್ದು ಈಗ ಸೈಕಲ್ಲಿನಲ್ಲಿ ಇರಲಿಲ್ಲ, ನನ್ನ ಕಿವಿಯಲ್ಲಿ ಇತ್ತು.

ವರ್ಗಾವಣೆಯ ಆರ್ಡರು ಬಂದಾಗ ಜಾಲಿಪಾಳ್ಯದವರು ಕರೆದು ಊಟ ಹಾಕಿದರು. ಮುನಿರಾಜುವಿನ ಮನೆಯ ಜಗುಲಿಯಲ್ಲೇ ಎಲೆ ಹಾಕಿದ್ದರು. ಅವರೆಕಾಳಿನ ಸಾರು, ಮುದ್ದೆ, ಪಾಯಸ. ಲಕ್ಷ್ಮಿಯ ಮಗನಿಗೆ ಎರಡು ತುಂಬಿತ್ತು. ನನ್ನ ಮಡಿಲಲ್ಲಿ ಕೂತು ಕೈಗಡಿಯಾರ ಕಿತ್ತುಕೊಳ್ಳಲು ನೋಡುತ್ತಿದ್ದ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಸೂರ್ಯ ಗುಡ್ಡದ ಆಚೆ ಇಳಿದಿದ್ದ. ಮುನಿರಾಜು ಎದ್ದು ಕೈಬ್ಯಾಟರಿ ತೆಗೆದುಕೊಂಡ.

"ನೆತ್ತಿ ತಂಕ ನಾನೂ ಬತ್ತೀನಿ ಸಿಸ್ಟರ್. ಕತ್ಲಾಯ್ತಾ ಬಂತು. ಕೊಳ್ಳಿ ದೆವ್ವದ ದಾರಿ, ಅದು ನಮ್ಮವ್ವನ್ನ ಬಿಡ್ಲಿಲ್ಲ."

ಇವತ್ತು ಹೇಳದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿತು. ಮಗುವನ್ನು ಕೆಳಗಿಳಿಸಿ ಎದ್ದು ನಿಂತೆ.

"ಮುನಿರಾಜು, ಆ ದೆವ್ವ ನಾನೇ. ಆ ರಾತ್ರಿ ಹೋದ ಬೆಳಕು ನಂದು. ನಿಮ್ಮವ್ವ ಕೂಗಿದ್ದು ನಂಗೆ ಕೇಳಿಸ್ತು. ನಾನು ನಿಲ್ಲಿಸ್ಲಿಲ್ಲ."

ಗೌರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು. "ಬಿಡ್ತು ಅನ್ನಿ ಸಿಸ್ಟರ್, ಹೊತ್ತು ಮುಳುಗೋ ಹೊತ್ನಲ್ಲಿ!" ಅವಳು ನಕ್ಕದ್ದಕ್ಕೆ ಉಳಿದವರೂ ನಕ್ಕರು. ಲಕ್ಷ್ಮಿ ನಕ್ಕಳು. ಏನೂ ತಿಳಿಯದ ಮಗುವೂ ಚಪ್ಪಾಳೆ ತಟ್ಟಿ ನಕ್ಕಿತು. ಮುನಿರಾಜು ಮಾತ್ರ ನಗಲಿಲ್ಲ. ನನ್ನ ಹತ್ತಿರ ಬಂದು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ ಹೇಳಿದ.

"ಇಲ್ಲದ್ದನ್ನೆಲ್ಲ ನಿಮ್ ಮ್ಯಾಲೆ ಯಾಕೆ ಹಾಕ್ಕೊಂತೀರಾ? ನಿಲ್ಲಿಸ್ದೆ ಹೋಗೋರಾ ನೀವು? ಕಲ್ಲು ಕಂಡ್ರೂ ನಿಲ್ತೀರಾ. ನಮ್ಮವ್ವನ ಹುಣ್ಣು ತೊಳ್ದಿದ್ದು ಯಾರು? ಈ ಮಗು ಉಳ್ಸಿದ್ದು ಯಾರು?"

ನಾನು ಅವನ ಮುಖ ನೋಡಿದೆ. ಅವನಿಗೆ ನನ್ನ ಮೇಲೆ ಅನುಮಾನದ ಎಳೆಯೂ ಇರಲಿಲ್ಲ. ಇಲ್ಲ ಮುನಿರಾಜು, ಕೂತ್ಕೋ, ಮೊದಲಿಂದ ಹೇಳ್ತೀನಿ ಅನ್ನಬಹುದಿತ್ತು. ಅವನು ಆಗಲೇ ನನ್ನ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ಏರಿನ ಕಡೆ ತಿರುಗಿಸಿದ್ದ. ಲಕ್ಷ್ಮಿ ಅವರೆಕಾಯಿಯ ಗಂಟನ್ನು ಕ್ಯಾರಿಯರಿಗೆ ಕಟ್ಟುತ್ತಿದ್ದಳು.

ನಾನು ಎರಡನೆಯ ಸಲ ಹೇಳಲಿಲ್ಲ.